ದಿಂಬಂ ಇಳಿಯುವ ಮುನ್ನ

“ತುಳಿ... ತುಳಿ... ತುಳಿ... ಹಿಡ್ಕ!”

“ಹಿಡ್ದೀನಿ!”

ಜೀಪಿನಡಿ ಅಂಗಾತ ಮಲಗಿದವನ ಕೈಯಲ್ಲಿ ಸ್ಪ್ಯಾನರ್ ಕಾಲು ಸುತ್ತು ತಿರುಗುತ್ತದೆ. ನಿಪ್ಪಲ್ಲಿಗೆ ಸಿಕ್ಕಿಸಿದ ಪಾರದರ್ಶಕ ನಳಿಕೆಯಲ್ಲಿ ಜೇನುಬಣ್ಣದ ಎಣ್ಣೆ ಸರ್ರನೆ ಹರಿದು ಬಾಟಲಿಗೆ ಬೀಳುತ್ತದೆ. ಸ್ಪ್ಯಾನರ್ ಮತ್ತೆ ಬಿಗಿಯಾಗುತ್ತದೆ. “ಬುಡು.” ಮೇಲೆ ಡ್ರೈವರ್ ಸೀಟಿನಲ್ಲಿ ಕೂತ ಹುಡುಗ ಕಾಲು ತೆಗೆಯುತ್ತಾನೆ. ಎಣ್ಣೆಯಲ್ಲಿ ಒಂದು ಗುಳ್ಳೆಯೂ ಇಲ್ಲ. ಆದರೂ ಪೆಡಲು ತುಳಿದರೆ ಅರ್ಧಕ್ಕಿಂತ ಕೆಳಗೆ ಹೋಗಿ, ಅಲ್ಲಿ ಮೆತ್ತಗೆ ಆಡುತ್ತದೆ.

ಹರದನಹಳ್ಳಿಯ ಹೆದ್ದಾರಿ ಬದಿ, ಹೊಂಗೆಮರದಡಿ ತಗಡು ಹೊದಿಸಿದ ಈ ಗ್ಯಾರೇಜಿಗೆ ಹೆಸರಿನ ಹಲಗೆ ಇಲ್ಲ. ಚಾಮರಾಜನಗರದಿಂದ ಸತ್ಯಮಂಗಲದ ದಾರಿ ಹಿಡಿದು ಐದಾರು ಕಿಲೋಮೀಟರ್ ಬಂದರೆ ಸಿಗುವ ಊರು ಇದು. ದಿವ್ಯಲಿಂಗೇಶ್ವರನ ಹಳೆಯ ದೇವಸ್ಥಾನ ಇಲ್ಲಿದೆ. ಎಡೆಯೂರಿನಲ್ಲಿ ನೆಲೆನಿಂತ ತೋಂಟದ ಸಿದ್ಧಲಿಂಗರು ಹುಟ್ಟಿದ ಊರು ತಮ್ಮದು ಎನ್ನುವ ಹೆಮ್ಮೆ ಊರವರಿಗಿದೆ. ಅರಿಸಿನ ಕಿತ್ತು, ಬೇಯಿಸಿ, ಒಣಹಾಕುವ ಕಾಲವಾದ್ದರಿಂದ ಕಣಗಳ ಕಡೆಯಿಂದ ಬಂದ ಘಾಟು ವಾಸನೆ ಗ್ಯಾರೇಜಿನ ಗ್ರೀಸು, ಪೆಟ್ರೋಲಿನ ಜೊತೆ ಬೆರೆತಿದೆ. ರಸ್ತೆಯಲ್ಲಿ ಕೊಯಮತ್ತೂರಿನ ಬಸ್ಸು, ತರಕಾರಿ ಲಾರಿ, ಬಾಳೆಗೊನೆ ತುಂಬಿದ ಗೂಡ್ಸ್ ಆಟೋ ಒಂದರ ಹಿಂದೆ ಒಂದು ಹೋಗುತ್ತಿವೆ.

ಈ ರಸ್ತೆಯನ್ನು ತಿಳಿಯದೆ ಇಲ್ಲಿನ ಬ್ರೇಕಿನ ಮಾತು ಅರ್ಥವಾಗುವುದಿಲ್ಲ. ರಾಷ್ಟ್ರೀಯ ಹೆದ್ದಾರಿ 948 ಅದು. ಹಳೆಯ ಚಾಲಕರ ಬಾಯಲ್ಲಿ ಇನ್ನೂ 209. ಪುಣಜನೂರಿನ ಚೆಕ್‌ಪೋಸ್ಟ್ ದಾಟಿದರೆ ಕಾಡು. ಗಡಿ ಕಳೆದು ಹಾಸನೂರು, ಆಮೇಲೆ ದಿಂಬಂ. ದಿಂಬಂನಿಂದ 27 ಹೇರ್‌ಪಿನ್ ತಿರುವುಗಳಲ್ಲಿ ರಸ್ತೆ ಬಣ್ಣಾರಿಯ ಬಯಲಿಗೆ ಇಳಿಯುತ್ತದೆ. ಚಾಮರಾಜನಗರ ಸೀಮೆಯ ಅರಿಸಿನ ಈರೋಡಿನ ಮಾರುಕಟ್ಟೆಗೆ ಹೋಗುವುದು ಹೀಗೆಯೇ. ಎಂದರೆ ಇಲ್ಲಿನ ಬೆಳೆಗಾರನಿಗೆ ಭಾರ ತುಂಬಿದಾಗ ಘಾಟಿಯ ಇಳಿಜಾರು, ಬರಿಗಾಡಿಯಲ್ಲಿ ಬರುವಾಗ ಏರು. ಬ್ರೇಕಿಗೆ ಇದಕ್ಕಿಂತ ಕಷ್ಟದ ಹಂಚಿಕೆ ಬೇರೆ ಇಲ್ಲ. 2022ರ ಫೆಬ್ರವರಿಯಿಂದ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿರುವುದರಿಂದ ಬೆಳಕು ಹರಿಯುವ ಹೊತ್ತಿಗೆ ಸಾಲುಗಟ್ಟಿ ಇಳಿಯುವುದೇ ರೂಢಿಯಾಗಿದೆ. ಹಾಸನೂರಿನ ಆಸುಪಾಸಿನಲ್ಲಿ ಕಬ್ಬಿನ ಲಾರಿ ಕಾಯುತ್ತ ಆನೆ ರಸ್ತೆಗೇ ಬಂದು ನಿಲ್ಲುವುದುಂಟು. ಆಗ ಮೊದಲ ತುಳಿತಕ್ಕೇ ಗಾಡಿ ನಿಲ್ಲಬೇಕು. ಎರಡನೆಯ ತುಳಿತಕ್ಕೆ ಸಮಯ ಇರುವುದಿಲ್ಲ.

ಗ್ಯಾರೇಜಿನಲ್ಲಿ ನಿಂತಿರುವುದು ಹಳೆಯ ಮಹೀಂದ್ರಾ ಜೀಪು. ವಿಲ್ಲಿಸ್ ಜೀಪುಗಳನ್ನು ಮಹೀಂದ್ರಾದವರು ಈ ದೇಶದಲ್ಲಿ ಜೋಡಿಸಲು ತೊಡಗಿದ್ದು 1947ರಲ್ಲಿ. ಆ ವಂಶದ ಜೀಪುಗಳಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಮಾಸ್ಟರ್ ಸಿಲಿಂಡರ್ ಚಾಲಕನ ಕಾಲಡಿಯ ತಗಡಿನ ಕೆಳಗೆ, ಚಾಸಿಗೆ ಅಂಟಿಕೊಂಡು. ಮಳೆಗಾಲದ ಹಳ್ಳ ದಾಟಿದ ಮೇಲೆ ಡ್ರಮ್ಮಿನೊಳಗೆ ನೀರು ಸೇರಿ ಬ್ರೇಕು ಹಿಡಿಯದೆ ಹೋಗುವುದು, ಒಂದು ಕಡೆ ಎಳೆಯುವುದು, ಇಳಿಜಾರಿನಲ್ಲಿ ಕಾದು ಸೋಲುವುದು ಇವೆಲ್ಲ ಜೀಪು ಇಟ್ಟವರಿಗೆಲ್ಲ ಗೊತ್ತಿರುವ ಪಾಡು. ಅದಕ್ಕೇ ಮುಂದಿನ ಎರಡು ಚಕ್ರಕ್ಕೆ ಡಿಸ್ಕ್ ಹಾಕಿಸುವ ಆಸೆ. ಈ ಜೀಪಿನ ಮಾಲೀಕ, ಪಕ್ಕದ ಊರಿನ ಅರಿಸಿನ ಬೆಳೆಗಾರ, ಬೇರೊಂದು ಊರಿನಲ್ಲಿ ಕಿಟ್ ಕೊಂಡು ಅಲ್ಲೇ ಹಾಕಿಸಿದ್ದಾರೆ. ಹೊಸ ಡಿಸ್ಕ್, ಹೊಸ ಕ್ಯಾಲಿಪರ್, ಎರಡು ಕೋಣೆಯ ಹೊಸ ಮಾಸ್ಟರ್ ಸಿಲಿಂಡರ್. ದುಡ್ಡು ಖರ್ಚಾಗಿದೆ, ಪೆಡಲು ಮಾತ್ರ ಹಳೆಯದಕ್ಕಿಂತ ಮೆತ್ತಗಾಗಿದೆ. “ಏರ್ ಹಿಡ್ದದೆ, ಓಡ್ತಾ ಓಡ್ತಾ ಸರಿಯಾಯ್ತದೆ” ಎಂದು ಹೇಳಿ ಕಳಿಸಿದರಂತೆ. ಈ ಮಾತು ಕೇಳಿದಾಗ ನನಗೆ ನಿಜವಾಗಿಯೂ ಸಿಟ್ಟು ಬಂತು. ಲೈನಿನೊಳಗೆ ಸಿಕ್ಕಿಬಿದ್ದ ಗಾಳಿ ಓಡುತ್ತ ಓಡುತ್ತ ತಾನಾಗಿ ಹೊರಗೆ ಬರುವುದಿಲ್ಲ. ಹಾಗೆ ಹೇಳಿ ಒಬ್ಬ ಮನುಷ್ಯನನ್ನು ದಿಂಬಂ ಇಳಿಯಲು ಬಿಡುವುದು ತಪ್ಪು.

ಇಲ್ಲಿನ ಮೇಸ್ತ್ರಿ ಸ್ಪ್ಯಾನರ್ ಮುಟ್ಟುವ ಮೊದಲು ಸೀಟಿನಲ್ಲಿ ಕೂತರು. ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ಪೆಡಲು ತುಳಿದರು. ತುಳಿದು ಹಾಗೆಯೇ ಹಿಡಿದರು. ಬಿಟ್ಟರು. ಎರಡು ಬಾರಿ ಬೇಗ ಬೇಗ ತುಳಿದರು. ಮತ್ತೆ ಹಿಡಿದರು. ಅಷ್ಟು ಹೊತ್ತೂ ಒಂದು ಮಾತಾಡಲಿಲ್ಲ. ಪೆಡಲು ಹೇಗೆ ಬೀಳುತ್ತದೆ ಎನ್ನುವುದರಲ್ಲೇ ಅರ್ಧ ಉತ್ತರ ಇದೆ ಎನ್ನುವುದು ಅವರ ನಂಬಿಕೆ. ಅದು ಬರಿಯ ನಂಬಿಕೆಯಲ್ಲ, ಶಾಸ್ತ್ರವೂ ಹೌದು.

ಹಿಡಿದ ಕಾಲಿನಡಿ ಪೆಡಲು ನಿಧಾನವಾಗಿ ಕುಸಿಯುತ್ತ ಹೋದರೆ ಎಣ್ಣೆ ಎಲ್ಲೋ ತಪ್ಪಿಸಿಕೊಳ್ಳುತ್ತಿದೆ. ಹೊರಗೆ ಸೋರಿದ ಗುರುತು ಇಲ್ಲದಿದ್ದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಕಪ್ ಸೋತಿದೆ. ಮೊದಲ ತುಳಿತ ಕೆಳಗೆ ಹೋಗಿ, ಎರಡನೆಯದು ಮೇಲೆಯೇ ಗಟ್ಟಿಯಾಗಿ ನಿಂತರೆ ಚಕ್ರದ ಕಡೆ ಎಲ್ಲೋ ತೆರಪು ಜಾಸ್ತಿಯಾಗಿದೆ: ಹಿಂದಿನ ಡ್ರಮ್ಮಿನ ಲೈನರ್ ಸಡಿಲ ಬಿಟ್ಟಿರಬಹುದು, ಅಥವಾ ಪಿಸ್ಟನ್ ಒಳಕ್ಕೆ ಸರಿದಿರಬಹುದು. ಎಷ್ಟು ತುಳಿದರೂ ಸ್ಪಂಜಿನಂತೆ ಆಡುತ್ತಿದ್ದರೆ ಗಾಳಿ. ಎಣ್ಣೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಸೈಕಲ್ ಪಂಪಿನ ಬಾಯಿಗೆ ಬೆರಳಿಟ್ಟು ಒತ್ತಿದ ಹಾಗೆ ಕಾಲಿನ ಬಲವೆಲ್ಲ ಆ ಗುಳ್ಳೆಯನ್ನು ಕುಗ್ಗಿಸುವುದರಲ್ಲೇ ಮುಗಿದುಹೋಗುತ್ತದೆ. ಇನ್ನು ತಣ್ಣಗಿದ್ದಾಗ ಸರಿಯಿದ್ದು ಘಾಟಿಯ ಅರ್ಧ ಇಳಿದ ಮೇಲೆ ಮೆತ್ತಗಾದರೆ ಅದು ಹಳೆಯ ಎಣ್ಣೆಯ ಕೆಲಸ. ಬ್ರೇಕ್ ಆಯಿಲ್ ಗಾಳಿಯಿಂದ ತೇವ ಹೀರುತ್ತದೆ. ಡಾಟ್ 4 ಎಣ್ಣೆ ಹೊಸದಾಗಿದ್ದಾಗ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಎಂಬುದು ಕನಿಷ್ಠ ಅಳತೆ. ನೀರು ಸೇರಿದ ಎಣ್ಣೆಗೆ ಅದೇ ಅಳತೆ 155ಕ್ಕೆ ಇಳಿಯುತ್ತದೆ. ಡಾಟ್ 3ಕ್ಕೆ 205 ಮತ್ತು 140. ಕುದಿದ ಎಣ್ಣೆ ಆವಿಯಾಗುತ್ತದೆ, ಆವಿಯೂ ಗಾಳಿಯ ಹಾಗೆ ಕುಗ್ಗುತ್ತದೆ. ಇಲ್ಲಿಂದ ಈರೋಡಿಗೆ ಹೋಗುವವರಿಗೂ, ಗುಂಡ್ಲುಪೇಟೆ, ಬಂಡೀಪುರದ ಮೇಲೆ ಹೋಗಿ ಊಟಿಯಿಂದ ಘಾಟಿ ಇಳಿದು ಬರುವವರಿಗೂ ಇದು ಪ್ರಾಣದ ಲೆಕ್ಕ. ಎಂಜಿನ್ ಆಯಿಲ್ ಬದಲಿಸುವುದನ್ನು ಮರೆಯದ ನಾವು ಬ್ರೇಕ್ ಆಯಿಲನ್ನು ಗಾಡಿ ಮಾರುವ ತನಕ ಹಾಗೇ ಬಿಡುತ್ತೇವೆ. ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ಸಾಕು, ದೊಡ್ಡ ಖರ್ಚೇನಲ್ಲ.

ಮೇಸ್ತ್ರಿ ಸೀಟಿನಿಂದ ಇಳಿದು, “ಎರಡು ಕಾಯಿಲೆ ಅವೆ” ಅಂದರು. ಪೆಡಲು ಸ್ಪಂಜಿನಂತೆ ಆಡುತ್ತದೆ, ಅದು ಒಂದು. ಮೊದಲ ತುಳಿತ ಎರಡನೆಯದಕ್ಕಿಂತ ಬಹಳ ಕೆಳಗೆ ಹೋಗುತ್ತದೆ, ಅದು ಇನ್ನೊಂದು. ಹಿಡಿದಾಗ ಕುಸಿಯುತ್ತಿಲ್ಲ, ಹಾಗಾಗಿ ಮಾಸ್ಟರಿನ ಮೇಲೆ ಅನುಮಾನ ಬೇಡ.

ಮೊದಲು ಮುಂದಿನ ಎರಡು ಚಕ್ರದ ರಬ್ಬರ್ ಹೋಸನ್ನು ಕ್ಲ್ಯಾಂಪಿನಿಂದ ಮೆತ್ತಗೆ ಅದುಮಿ ಮುಚ್ಚಿಸಿದರು. ಹುಡುಗ ತುಳಿದ. ಪೆಡಲು ಮೇಲೆಯೇ ಗಟ್ಟಿ ನಿಂತಿತು. ಎಂದರೆ ಹಿಂದಿನ ಲೈನೂ ಮಾಸ್ಟರೂ ಸರಿಯಾಗಿವೆ, ತೊಂದರೆ ಮುಂದಿನ ಹೊಸ ಸಾಮಾನಿನಲ್ಲೇ. ಎಡಗಡೆಯ ಕ್ಲ್ಯಾಂಪ್ ತೆಗೆದರೆ ಮೆತ್ತಗೆ. ಅದನ್ನು ಹಾಕಿ ಬಲಗಡೆಯದು ತೆಗೆದರೂ ಮೆತ್ತಗೆ. ಎರಡೂ ಕಡೆ ಒಂದೇ ಬಗೆಯ ತಪ್ಪು. ಟಾರ್ಚು ತರಿಸಿ ಎಡಗಡೆಯ ಕ್ಯಾಲಿಪರಿನ ಬೆನ್ನಿನ ಮೇಲೆ ಬಿಟ್ಟರು. ಬೂದುಬಣ್ಣದ ಎರಕದ ಮೈ, ಮೇಲುಭಾಗದಲ್ಲಿ ಹೋಸು ಸೇರುವ ಬೋಲ್ಟು. ಗಾಳಿ ತೆಗೆಯುವ ನಿಪ್ಪಲ್ಲು ಕೆಳತುದಿಯಲ್ಲಿ ನೆಲ ನೋಡುತ್ತಿದೆ. ಬಲಗಡೆಯೂ ಹಾಗೆಯೇ.

“ಗಾಳಿ ಮ್ಯಾಕೆ ಹೋಗೋದು. ಅದ್ರ ಬಾಗ್ಲ ಕೆಳೀಕ್ ಮಡಗುದ್ರೆ ಎಲ್ಲಿಂದ ಆಚೆಗ್ ಬಂದಾತು?”

ಎಡದ ಕ್ಯಾಲಿಪರ್ ಬಲಕ್ಕೆ, ಬಲದ್ದು ಎಡಕ್ಕೆ ಕೂತಿತ್ತು. ಬೋಲ್ಟಿನ ತೂತುಗಳು ಎರಡೂ ಕಡೆ ಒಂದೇ ಆದ್ದರಿಂದ ಎಲ್ಲಿ ಬೇಕಾದರೂ ಕೂರುತ್ತದೆ, ಚಕ್ರವೂ ತಿರುಗುತ್ತದೆ, ಬ್ರೇಕೂ ಒಂದಿಷ್ಟು ಹಿಡಿಯುತ್ತದೆ. ಬಾಟಲಿಗಟ್ಟಲೆ ಎಣ್ಣೆ ಹರಿಸಿದರೂ ಕೆಳಗಿನ ನಿಪ್ಪಲ್ಲಿನಿಂದ ಗುಳ್ಳೆಯಿಲ್ಲದ ಶುದ್ಧ ಎಣ್ಣೆಯೇ ಬರುತ್ತದೆ. ಗಾಳಿ ಪಿಸ್ಟನ್ನಿನ ಮೇಲುಭಾಗದ ಮೂಲೆಯಲ್ಲಿ ನೆಮ್ಮದಿಯಾಗಿ ಕೂತಿರುತ್ತದೆ. ಇಷ್ಟು ಹೊತ್ತು ಗುಳ್ಳೆಗಾಗಿ ಕಾದದ್ದು ಇದಕ್ಕೇ ವ್ಯರ್ಥವಾಯಿತು.

ಎರಡನ್ನೂ ಬಿಚ್ಚಿ ಅದಲು ಬದಲು ಮಾಡಿದರು. ಹೋಸಿನ ಬೋಲ್ಟಿಗೆ ಹಳೆಯ ತಾಮ್ರದ ವಾಷರ್ ಬೇಡವೆಂದು ಹೊಸದು ಹಾಕಿದರು. ಒಮ್ಮೆ ಅದುಮಿದ ತಾಮ್ರ ಎರಡನೆಯ ಸಲ ಸರಿಯಾಗಿ ಕೂರುವುದಿಲ್ಲ. ಗಾಳಿ ತೆಗೆಯಲು ಕೂರುವ ಮೊದಲು ಪೆಡಲಿನಡಿ ಒಂದು ಮರದ ತುಂಡು ಇಟ್ಟರು. ಇದು ನನಗೆ ತುಂಬ ಇಷ್ಟವಾದ ಕೆಲಸ. ಪೆಡಲನ್ನು ನೆಲಮುಟ್ಟ ತುಳಿಯುತ್ತ ಹೋದರೆ ಮಾಸ್ಟರಿನ ರಬ್ಬರ್ ಕಪ್ ಎಂದೂ ಹೋಗದ ಜಾಗಕ್ಕೆ ಹೋಗಿ, ಅಲ್ಲಿ ತುಕ್ಕೋ ಕಸವೋ ಇದ್ದರೆ ಸೀಳಿಕೊಳ್ಳುತ್ತದೆ. ಗಾಳಿ ತೆಗೆಯಲು ಹೋಗಿ ಒಳ್ಳೆಯ ಮಾಸ್ಟರ್ ಕಳೆದುಕೊಂಡವರು ಎಷ್ಟೋ ಮಂದಿ. ಇಲ್ಲಿ ಮಾಸ್ಟರ್ ಹೊಸದೇ, ಆದರೂ ಮರದ ತುಂಡು ತಪ್ಪಲಿಲ್ಲ.

ಮಾಸ್ಟರಿಗೆ ಅತಿ ದೂರದ ಚಕ್ರ ಮೊದಲು: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಮುಂದಿನ ಎಡಕ್ಕೆ ಬಂದಾಗ ನಳಿಕೆಯಲ್ಲಿ ಮೊದಲು ಒಂದು ಉದ್ದನೆಯ ಖಾಲಿ ಜಾಗ ಸರಿದುಹೋಯಿತು. ಆಮೇಲೆ ಸಾಸಿವೆಯಷ್ಟು ಸಣ್ಣ ಗುಳ್ಳೆಗಳ ಸಾಲು. ಮೇಸ್ತ್ರಿ ಕ್ಯಾಲಿಪರಿನ ಮೈಗೆ ಸುತ್ತಿಗೆಯ ಹಿಡಿಯಿಂದ ಟಕಟಕ ಬಡಿದರು. ಗೋಡೆಗೆ ಅಂಟಿಕೊಂಡಿದ್ದ ಇನ್ನಷ್ಟು ಗುಳ್ಳೆ ಎದ್ದು ಬಂದವು. ಬೆಳೆಗಾರರು ಬಗ್ಗಿ ಕೂತು ಅದನ್ನೇ ನೋಡುತ್ತಿದ್ದರು. ನಾಲ್ಕೂ ಚಕ್ರ ಮುಗಿದ ಮೇಲೆ ಪೆಡಲಿನ ಸ್ಪಂಜುತನ ಹೋಗಿತ್ತು. ಇಂದಿನ ಎಬಿಎಸ್ ಕಾರುಗಳಲ್ಲಿ ಮಾತ್ರ ಇಷ್ಟಕ್ಕೇ ಮುಗಿಯುವುದಿಲ್ಲ. ಅವುಗಳ ಕವಾಟದ ಪೆಟ್ಟಿಗೆಯೊಳಗೆ ಗಾಳಿ ಸೇರಿದರೆ ಸ್ಕ್ಯಾನರ್ ಜೋಡಿಸಿ, ಒಳಗಿನ ಪಂಪು ಓಡಿಸಿಯೇ ತೆಗೆಯಬೇಕಾಗಬಹುದು. ಅಂಥ ಗಾಡಿಗಳನ್ನು ಇವರು ಮುಟ್ಟದೆ ನಗರಕ್ಕೆ ಕಳಿಸುತ್ತಾರೆ.

ಈಗ ಪೆಡಲು ಗಟ್ಟಿ. ಆದರೆ ಇನ್ನೂ ಉದ್ದ. ಹಿಂದಿನ ಡ್ರಮ್ಮುಗಳ ಅಡ್ಜಸ್ಟರ್ ತಿರುಗಿಸಿ, ಲೈನರ್ ಕೆರೆಯುವ ತನಕ ತಂದು ಒಂದಿಷ್ಟು ಹಿಂದಕ್ಕೆ ಬಿಟ್ಟರು. ಅರ್ಧ ಇಂಚು ಕಡಿಮೆಯಾಯಿತು. ಉಳಿದದ್ದು ಕಾಯಿಲೆಯಲ್ಲ, ಲೆಕ್ಕ. ಇಲ್ಲಿ ಬೆಳೆಗಾರರು, “ಒಸಿ ದೊಡ್ಡ ಮಾಸ್ಟರ್ ಹಾಕ್ಬುಡಿ, ಪೆಡಲ್ ಮ್ಯಾಲೇ ನಿಂತ್ಕತದೆ” ಎಂದರು. ಮೇಸ್ತ್ರಿ ಒಪ್ಪಲಿಲ್ಲ. ಅವರು ಒಪ್ಪದ್ದು ಸರಿ ಎಂದು ನನಗೆ ಅನ್ನಿಸುವುದರಿಂದ ಲೆಕ್ಕವನ್ನು ಇಲ್ಲಿ ಬಿಡಿಸಿಡುತ್ತೇನೆ.

ಮುಚ್ಚಿದ ದ್ರವದ ಮೇಲೆ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂದು ಪ್ಯಾಸ್ಕಲ್ ಹದಿನೇಳನೆಯ ಶತಮಾನದಲ್ಲೇ ಹೇಳಿದ. ಡ್ಯೂಸನ್‌ಬರ್ಗ್ ಕಾರಿನ ನಾಲ್ಕೂ ಚಕ್ರಕ್ಕೆ 1921ರಲ್ಲಿ ಎಣ್ಣೆಯ ಬ್ರೇಕು ಬಂದದ್ದು, 1953ರ ಲೆ ಮಾನ್ ರೇಸಿನಲ್ಲಿ ಜಾಗ್ವಾರ್ ಡಿಸ್ಕ್ ಬ್ರೇಕಿನಿಂದ ಗೆದ್ದದ್ದು, ಎಲ್ಲ ಅದೇ ನಿಯಮದ ಮೇಲೆ. 54 ಮಿಲಿಮೀಟರ್ ಅಗಲದ ಪಿಸ್ಟನ್ ಇರುವ ಎರಡು ಕ್ಯಾಲಿಪರ್ ತಲಾ ಅರ್ಧ ಮಿಲಿಮೀಟರ್ ಮುಂದೆ ಬರಬೇಕಾದರೆ ಸುಮಾರು 2.3 ಸಿಸಿ ಎಣ್ಣೆ ಬೇಕು. ಮುಕ್ಕಾಲು ಇಂಚಿನ ಮಾಸ್ಟರ್ ಅಷ್ಟನ್ನು ತಳ್ಳಲು 8 ಮಿಲಿಮೀಟರ್ ಚಲಿಸಬೇಕು. ಪೆಡಲಿನ ಸನ್ನೆ ಆರಕ್ಕೆ ಒಂದರ ಹಾಗಿದ್ದರೆ ಕಾಲು 48 ಮಿಲಿಮೀಟರ್ ಇಳಿಯಬೇಕು. ಒಂದಿಂಚಿನ ಮಾಸ್ಟರಾದರೆ 27 ಮಿಲಿಮೀಟರ್ ಸಾಕು. ಬೆಳೆಗಾರರು ಬಯಸಿದ್ದು ಇದನ್ನೇ. ಆದರೆ ಅದೇ ಕಾಲಿನ ಬಲಕ್ಕೆ ಒಂದಿಂಚಿನ ಮಾಸ್ಟರ್ ಕೊಡುವ ಒತ್ತಡ ಮುಕ್ಕಾಲು ಇಂಚಿನದಕ್ಕಿಂತ ಬಹಳ ಕಡಿಮೆ, ಅದರ ನೂರಕ್ಕೆ 56ರಷ್ಟು ಮಾತ್ರ. ಡ್ರಮ್ಮಿನಲ್ಲಿ ಲೈನರ್ ತಿರುಗುವ ಡ್ರಮ್ಮಿನ ಸೆಳೆತಕ್ಕೆ ತಾನಾಗಿ ಇನ್ನಷ್ಟು ಬಿಗಿಯುತ್ತದೆ. ಡಿಸ್ಕಿಗೆ ಆ ಸಹಾಯ ಇಲ್ಲ, ಒತ್ತಿದಷ್ಟೇ ಹಿಡಿತ. ಈ ಜೀಪಿಗೆ ಬೂಸ್ಟರೂ ಇಲ್ಲ. ದೊಡ್ಡ ಮಾಸ್ಟರ್ ಹಾಕಿದರೆ ಪೆಡಲು ಮೇಲೆ, ಕಲ್ಲಿನಷ್ಟು ಗಟ್ಟಿಯಾಗಿ, ನಿಲ್ಲುತ್ತದೆ. ಗಾಡಿ ಮಾತ್ರ ನಿಲ್ಲುವುದಿಲ್ಲ. ಗಟ್ಟಿ ಪೆಡಲೆಂದರೆ ಒಳ್ಳೆಯ ಬ್ರೇಕು ಎಂಬ ತಿಳಿವಳಿಕೆ ಗ್ಯಾರೇಜಿಗೆ ಬರುವವರಲ್ಲಿ ಮಾತ್ರವಲ್ಲ, ಗ್ಯಾರೇಜು ನಡೆಸುವವರಲ್ಲೂ ಬೇರೂರಿದೆ. ಕಿಟ್ ಮಾರುವವರು ಪಿಸ್ಟನ್ನಿನ ಅಗಲವನ್ನು, ಅದಕ್ಕೆ ಹೊಂದುವ ಮಾಸ್ಟರಿನ ಅಳತೆಯನ್ನು ಬಿಲ್ಲಿನಲ್ಲೇ ಬರೆದು ಕೊಡಬೇಕು. ಅದಕ್ಕೆ ಒಂದು ಸಾಲು ಸಾಕು.

ಇಷ್ಟಾದರೂ ಎರಡನೆಯ ಕಾಯಿಲೆ ಹಾಗೇ ಇತ್ತು. ಪೆಡಲು ಸರಿಯಾಯಿತು ಎಂದುಕೊಂಡು ವೆಂಕಟಯ್ಯನಛತ್ರದ ಕಡೆ ಒಂದು ಸುತ್ತು ಹೋಗಿ ಬಂದು, ಗಾಡಿ ನಿಲ್ಲಿಸಿ, ಚಹಾ ಕುಡಿದು ಮತ್ತೆ ತುಳಿದರೆ ಮೊದಲ ತುಳಿತ ಕೆಳಗೆ. ಎರಡನೆಯದು ಮೇಲೆ. ಬೆಳೆಗಾರರ ಮುಖ ಬಾಡಿತು. ಮೇಸ್ತ್ರಿ ಕಾಲಡಿಯ ತಗಡು ತೆಗೆದು, ಮಾಸ್ಟರಿನ ಎಣ್ಣೆಡಬ್ಬಿಯ ಮುಚ್ಚಳ ಬಿಚ್ಚಿದರು. ಕೆಲವು ಸಲ ತುಳಿಸಿ, ಎಣ್ಣೆಯ ಮಟ್ಟಕ್ಕೆ ಸರಿಯಾಗಿ ಡಬ್ಬಿಯ ಹೊರಮೈಗೆ ಪೆನ್ಸಿಲಿನಿಂದ ಗೀಟು ಎಳೆದರು. ಮುಚ್ಚಳ ಹಾಕಿ, ಹುಡುಗನಿಗೆ ಜೀಪಿನ ಮುಂಭಾಗ ಹಿಡಿದು ಚೆನ್ನಾಗಿ ಅಲ್ಲಾಡಿಸಲು ಹೇಳಿ, ಬೇರೊಂದು ಬೈಕಿನ ಕೆಲಸಕ್ಕೆ ಹೋದರು. ಮಧ್ಯಾಹ್ನ ಊಟ ಮುಗಿಸಿ ಬಂದು ನೋಡಿದಾಗ ಎಣ್ಣೆ ಗೀಟಿಗಿಂತ ಒಂದು ಕೂದಲೆಳೆ ಮೇಲಿತ್ತು. ಯಾರೂ ಎಣ್ಣೆ ಹಾಕಿರಲಿಲ್ಲ.

ಮೇಲಿನ ಎಣ್ಣೆ ಕೆಳಗಿಳಿದಿತ್ತು, ಅಷ್ಟೇ. ಮಾಸ್ಟರ್ ಸಿಲಿಂಡರ್ ಕಾಲಡಿಯಲ್ಲಿ, ಕ್ಯಾಲಿಪರಿಗಿಂತ ತಗ್ಗಿನಲ್ಲಿದೆ. ನಿಂತಾಗ ತೂಕಕ್ಕೂ, ಓಡುವಾಗ ಕುಲುಕಾಟಕ್ಕೂ ಎಣ್ಣೆ ನಿಧಾನವಾಗಿ ಮಾಸ್ಟರಿಗೆ ಮರಳುತ್ತದೆ, ಜೊತೆಗೆ ಪಿಸ್ಟನ್ನು ಒಳಕ್ಕೆ ಸರಿಯುತ್ತದೆ, ಪ್ಯಾಡಿಗೂ ಡಿಸ್ಕಿಗೂ ನಡುವೆ ತೆರಪು ಹುಟ್ಟುತ್ತದೆ. ಮುಂದಿನ ಮೊದಲ ತುಳಿತ ಆ ತೆರಪು ತುಂಬುವುದಕ್ಕೇ ಸರಿಹೋಗುತ್ತದೆ. ಇದನ್ನು ತಡೆಯಲು ಲೈನಿನಲ್ಲಿ ಒಂದು ಸಣ್ಣ ಕವಾಟ ಬೇಕು. ಬೆರಳುದ್ದದ ಈ ಸಾಮಾನು ಲೈನಿನಲ್ಲಿ ಎರಡು ಪೌಂಡಿನಷ್ಟು ಒತ್ತಡ ಉಳಿಸಿಕೊಂಡು ಎಣ್ಣೆ ಪೂರ್ತಿ ಮರಳದ ಹಾಗೆ ನೋಡಿಕೊಳ್ಳುತ್ತದೆ. ಡ್ರಮ್ ಬ್ರೇಕಿನ ಲೈನಿಗೆ ಇಂಥದೇ ಹತ್ತು ಪೌಂಡಿನ ಕವಾಟ ಬರುತ್ತದೆ. ಹಳೆಯ ಮಾಸ್ಟರುಗಳಲ್ಲಿ ಅದು ಒಳಗೇ ಇರುತ್ತಿತ್ತು. ಅದನ್ನು ಡಿಸ್ಕಿಗೆ ಹಾಗೇ ಬಿಟ್ಟರೆ ಪ್ಯಾಡು ಡಿಸ್ಕನ್ನು ಬಿಡದೆ ಉಜ್ಜುತ್ತ ಕಾಯುತ್ತದೆ. ಈ ಹೊಸ ಮಾಸ್ಟರಿನಲ್ಲಿ ಹಿಂದಿನ ಡ್ರಮ್ಮಿನ ಬಾಯಿಗೆ ಕವಾಟ ಇತ್ತು, ಮುಂದಿನದಕ್ಕೆ ಇರಲಿಲ್ಲ. ಮಾಸ್ಟರ್ ಬಾನೆಟ್ಟಿನೊಳಗೆ, ಎತ್ತರದಲ್ಲಿ ಕೂರುವ ಗಾಡಿಗೆ ಮಾಡಿದ್ದು ಅದು. ಆ ಗಾಡಿಯಲ್ಲಿ ಮುಂದಿನ ಕವಾಟದ ಅಗತ್ಯವೇ ಬೀಳುವುದಿಲ್ಲ.

ಸಾಮಾನು ಮೈಸೂರಿನಲ್ಲಿ ಸಿಗದೆ ಕೊಯಮತ್ತೂರಿನಿಂದ ಬಸ್ಸಿನಲ್ಲಿ ಬಂತು. ಮೈಮೇಲೆ ಒಂದು ಬಾಣದ ಗುರುತು. ಆ ಬಾಣ ಚಕ್ರದ ಕಡೆ ಮುಖ ಮಾಡಿರಬೇಕು. ಲೈನು ಕತ್ತರಿಸಿ, ಪೈಪಿನ ತುದಿ ಅರಳಿಸಿ, ಕವಾಟ ಕೂರಿಸಿ, ಮತ್ತೆ ಗಾಳಿ ತೆಗೆದರು. ಹುಡುಗನ ಕಾಲು ಈಗ ಹೇಳದೆಯೇ ತಾಳಕ್ಕೆ ಬಂದಿತ್ತು. ಎಣ್ಣೆ ಚೆಲ್ಲಿದ ಕಡೆಗೆಲ್ಲ ನೀರು ಸುರಿದು ತೊಳೆದರು. ಬ್ರೇಕ್ ಆಯಿಲ್ ಬಿದ್ದಲ್ಲಿ ಪೇಂಟು ಎದ್ದು ಬರುತ್ತದೆ. ಸಂಜೆ ಖಾಲಿ ರಸ್ತೆಯಲ್ಲಿ ಐವತ್ತರ ವೇಗದಿಂದ ಹದವಾಗಿ ತಗ್ಗಿಸಿ, ಪೂರ್ತಿ ನಿಲ್ಲಿಸದೆ, ನಡುನಡುವೆ ತಣಿಯಲು ಬಿಟ್ಟು ಹೊಸ ಪ್ಯಾಡುಗಳನ್ನು ಡಿಸ್ಕಿಗೆ ಹೊಂದಿಸಿಕೊಂಡರು. ವಾಪಸು ಬಂದು ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ಕಾವು ನೋಡಿದರು. ಎಡಬಲ ಎರಡೂ ಸಮ.

“ಬೆಳಿಗ್ಗೆ ಸ್ಟಾರ್ಟ್ ಮಾಡೋಕ್ ಮೊದ್ಲು ಒಂದ್ಸಲ ತುಳ್ದು ನೋಡಿ,” ಎಂದು ಮೇಸ್ತ್ರಿ ಬೆಳೆಗಾರರಿಗೆ ಹೇಳಿದರು. “ಮೊದಲ್ನೇ ತುಳಿತ ಕೆಳೀಕ್ ಹೋದ್ರೆ ಗಾಡಿ ಕದಲಿಸ್ಬ್ಯಾಡಿ, ನಂಗೆ ಫೋನ್ ಮಾಡಿ. ಘಾಟೀಲಿ ಎರಡನೇ ಗೇರಲ್ಲೇ ಇಳೀರಿ, ಬ್ರೇಕ್ ಮ್ಯಾಲೇ ಕಾಲು ಮಡಿಕ್ಕಂಡ್ ಕೂರ್ಬ್ಯಾಡಿ. ಈರೋಡಿಂದ ಬಂದ್ಮ್ಯಾಕೆ ತಂದ್ ನಿಲ್ಸಿ, ಬೋಲ್ಟೆಲ್ಲ ಇನ್ನೊಂದ್ಸಲ ನೋಡ್ಬೇಕು.”

ಬೆಳಿಗ್ಗೆ ಆರಕ್ಕೆ ಫೋನು ಬಂತು. ಮೊದಲ ತುಳಿತವೇ ಮೇಲೆ ನಿಂತಿದೆ, ಮೂಟೆ ತುಂಬಿ ಹೊರಟಿದ್ದೇವೆ ಎಂದರು. ಮೇಸ್ತ್ರಿ, ಪುಣಜನೂರಿನ ಹತ್ತಿರ ನಿಲ್ಲಿಸಿ ಇನ್ನೊಮ್ಮೆ ತುಳಿದು ನೋಡಲು ಹೇಳಿ, ಮುಂದಿನ ಗಾಡಿಯ ಚಕ್ರ ಬಿಚ್ಚಲು ಕೂತರು.